ಇಷ್ಟೊಂದು ಸುದ್ದಿ ನೋಡಿಯೂ ಅಮೆರಿಕದ ಮತದಾರ ಮತಗಟ್ಟೆಗೆ ಏಕೆ ಹೋಗುವುದಿಲ್ಲ?

ಓದುಗರ ಪ್ರಶ್ನೆ: ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸುದ್ದಿ ಒಂದು ವರ್ಷಕ್ಕೂ ಮೊದಲೇ ಶುರುವಾಗಿ ಹಗಲಿರುಳು ಬರುತ್ತಿರುತ್ತದೆ. ಆದರೂ ಅಲ್ಲಿ ಮೂರರಲ್ಲಿ ಒಂದು ಪಾಲು ಜನ ಮತವನ್ನೇ ಹಾಕುವುದಿಲ್ಲ. ಇದು ಮಾಧ್ಯಮಗಳ ತಪ್ಪೇ, ಜನರ ಉದಾಸೀನವೇ?

ಉತ್ತರ: ಉದಾಸೀನ ಎಂಬ ಮಾತನ್ನು ಮೊದಲು ಪಕ್ಕಕ್ಕಿಡೋಣ, ಏಕೆಂದರೆ ಮತ ಹಾಕದವರ ಬಾಯಿಂದ ಬಂದಿರುವ ಉತ್ತರಗಳು ಅಷ್ಟು ಸರಳವಾಗಿಲ್ಲ. ಅಮೆರಿಕದ ಜನಗಣತಿ ಇಲಾಖೆ ಪ್ರತಿ ಚುನಾವಣೆಯ ನಂತರ, ನೋಂದಣಿ ಮಾಡಿಸಿಕೊಂಡಿದ್ದೂ ಮತ ಹಾಕದವರನ್ನು ಕಾರಣ ಕೇಳುತ್ತದೆ. 2012ರಲ್ಲಿ ‘ಅಭ್ಯರ್ಥಿಗಳಾಗಲಿ ಪ್ರಚಾರದ ವಿಷಯಗಳಾಗಲಿ ಹಿಡಿಸಲಿಲ್ಲ’ ಎಂದವರು ಸುಮಾರು ಶೇ 13ರಷ್ಟಿದ್ದರು. ಹಿಲರಿ ಕ್ಲಿಂಟನ್ ಮತ್ತು ಡೊನಾಲ್ಡ್ ಟ್ರಂಪ್ ಎದುರುಬದುರಾದ 2016ರಲ್ಲಿ ಹಾಗೆಂದವರು ಸುಮಾರು ಶೇ 25ಕ್ಕೆ ಏರಿದರು, ಮತ್ತು ಆ ವರ್ಷ ಉಳಿದೆಲ್ಲ ಕಾರಣಗಳಿಗಿಂತ ಅದೇ ಮುಂದಿತ್ತು. ಹೀಗೆ ಹೇಳುವವರು ಸುದ್ದಿಯನ್ನೇ ನೋಡದವರಲ್ಲ. ನೋಡಿ, ಕೇಳಿ, ರೋಸಿ ಹೋದವರು.

ಅವರು ನೋಡಿದ್ದು ಏನನ್ನು ಎಂಬುದು ಮುಂದಿನ ಪ್ರಶ್ನೆ. ಚುನಾವಣಾ ವರದಿಗಾರಿಕೆಯನ್ನು ದಶಕಗಳಿಂದ ಅಧ್ಯಯನ ಮಾಡುತ್ತಿರುವ ಹಾರ್ವರ್ಡ್ ವಿಶ್ವವಿದ್ಯಾಲಯದ ಥಾಮಸ್ ಪ್ಯಾಟರ್ಸನ್, 2016ರ ಪ್ರಚಾರದ ಸುದ್ದಿಗಳನ್ನು ವಿಂಗಡಿಸಿ ನೋಡಿದಾಗ ಶೇ 42ರಷ್ಟು ಸುದ್ದಿ ಯಾರು ಮುಂದೆ, ಯಾರು ಹಿಂದೆ ಎಂಬುದಕ್ಕೇ ಹೋಗಿತ್ತು. ವಿವಾದಗಳಿಗೆ ಶೇ 17, ಅಭ್ಯರ್ಥಿಗಳ ನೀತಿ ನಿಲುವುಗಳಿಗೆ ಕೇವಲ ಶೇ 10. ಅಮೆರಿಕದ ಪತ್ರಕರ್ತರೇ ಈ ಬಗೆಯ ವರದಿಗೆ ‘ಕುದುರೆ ಓಟ’ ಎಂದು ಹೆಸರಿಟ್ಟಿದ್ದಾರೆ. ಅದೇ ಅಧ್ಯಯನದ ಪ್ರಕಾರ ಕ್ಲಿಂಟನ್ ಕುರಿತ ವರದಿಗಳಲ್ಲಿ ಶೇ 64, ಟ್ರಂಪ್ ಕುರಿತವುಗಳಲ್ಲಿ ಶೇ 77 ನಕಾರಾತ್ಮಕವಾಗಿದ್ದವು. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದ ಮತದಾರನಿಗೆ ತಿಂಗಳುಗಟ್ಟಲೆ ಉಣಬಡಿಸಿದ ಸಂದೇಶ, ಇಬ್ಬರೂ ಸರಿಯಿಲ್ಲ ಎಂಬುದೇ ಆಗಿತ್ತು. ಅಧಿಕಾರ ಕೇಳುವವರನ್ನು ಟೀಕಿಸುವುದು ಪತ್ರಿಕಾವೃತ್ತಿಯ ಧರ್ಮವೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಬ್ಬರ ಲೋಪಕ್ಕೂ ಇನ್ನೊಬ್ಬರ ಲೋಪಕ್ಕೂ ಇರುವ ತೂಕದ ವ್ಯತ್ಯಾಸವನ್ನು ತಿಳಿಸದ ಟೀಕೆ ಮತದಾರನಿಗೆ ಆಯ್ಕೆ ಮಾಡಲು ನೆರವಾಗುವುದಿಲ್ಲ, ಆಯ್ಕೆಯಿಂದಲೇ ದೂರ ಸರಿಯುವಂತೆ ಮಾಡುತ್ತದೆ.

ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. 1968ರಲ್ಲಿ ಮೂರು ದೊಡ್ಡ ಟಿವಿ ಜಾಲಗಳ ಸಂಜೆಯ ಸುದ್ದಿಯಲ್ಲಿ ಅಭ್ಯರ್ಥಿಯೊಬ್ಬನ ಮಾತು ಅಡೆತಡೆಯಿಲ್ಲದೆ ಸರಾಸರಿ 43 ಸೆಕೆಂಡು ಕೇಳಿಸುತ್ತಿತ್ತು. 1988ರ ವೇಳೆಗೆ ಅದು 9 ಸೆಕೆಂಡಿಗೆ ಇಳಿದಿತ್ತು ಎಂದು ಡೇನಿಯಲ್ ಹ್ಯಾಲಿನ್ ಎಂಬ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಒಂಬತ್ತು ಸೆಕೆಂಡಿನಲ್ಲಿ ಎದುರಾಳಿಯನ್ನು ಹಂಗಿಸಬಹುದು, ಆರೋಗ್ಯ ವಿಮೆಯ ಯೋಜನೆಯೊಂದನ್ನು ವಿವರಿಸಲು ಆಗುವುದಿಲ್ಲ. ಉಳಿದ ಸಮಯವನ್ನು ವರದಿಗಾರ ಮತ್ತು ವಿಶ್ಲೇಷಕ ತುಂಬುತ್ತಾರೆ, ಮತ್ತು ಅವರ ಮಾತು ಸಾಮಾನ್ಯವಾಗಿ ತಂತ್ರದ ಕಡೆಗೆ ಹೊರಳುತ್ತದೆ: ಅಭ್ಯರ್ಥಿ ಈ ಯೋಜನೆಯನ್ನು ಘೋಷಿಸಿದ್ದು ಪೆನ್ಸಿಲ್ವೇನಿಯಾದ ಹೊರವಲಯಗಳ ಮಹಿಳೆಯರನ್ನು ಸೆಳೆಯಲು, ಆ ಭಾಷಣ ಮಾಡಿದ್ದು ಕಾರ್ಮಿಕ ಸಂಘಗಳನ್ನು ಒಲಿಸಿಕೊಳ್ಳಲು. ಯೋಜನೆ ಒಳ್ಳೆಯದೇ, ಕಾರ್ಯಸಾಧ್ಯವೇ, ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳು ಅಲ್ಲಿಗೇ ಬಿದ್ದುಹೋಗುತ್ತವೆ. ಜೋಸೆಫ್ ಕ್ಯಾಪೆಲ್ಲಾ ಮತ್ತು ಕ್ಯಾಥ್ಲೀನ್ ಹಾಲ್ ಜೇಮಿಸನ್ ಎಂಬ ಸಂಶೋಧಕರು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಒಂದೇ ಘಟನೆಯನ್ನು ತಂತ್ರದ ದೃಷ್ಟಿಯಿಂದ ಬರೆದ ವರದಿಯಲ್ಲಿ ಓದಿದವರಲ್ಲಿ ಸಿನಿಕತನ ಹೆಚ್ಚುತ್ತಿದ್ದುದು ಕಂಡುಬಂತು. ಎಲ್ಲರೂ ಎಲ್ಲವನ್ನೂ ಗೆಲ್ಲುವುದಕ್ಕಾಗಿಯೇ ಮಾಡುತ್ತಾರೆ ಎಂದು ದಿನವೂ ಕೇಳುವವನು ಅದನ್ನು ನಂಬತೊಡಗಿದರೆ ಆಶ್ಚರ್ಯವೇನು?

ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಸ್ಪರ್ಧಿಸಿದ್ದ ಹೊವಾರ್ಡ್ ಡೀನ್ ಅವರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. 2004ರ ಜನವರಿ 19ರ ರಾತ್ರಿ ಅಯೋವಾ ರಾಜ್ಯದಲ್ಲಿ ಅಭ್ಯರ್ಥಿಯನ್ನು ಆರಿಸಲು ಪಕ್ಷ ನಡೆಸಿದ ಕಾಕಸ್‌ನಲ್ಲಿ ಮೂರನೇ ಸ್ಥಾನಕ್ಕೆ ಇಳಿದ ಡೀನ್, ಕಿಕ್ಕಿರಿದು ಗದ್ದಲ ಮಾಡುತ್ತಿದ್ದ ಬೆಂಬಲಿಗರನ್ನು ಹುರಿದುಂಬಿಸಲು ಮುಂದಿನ ರಾಜ್ಯಗಳ ಹೆಸರು ಕೂಗುತ್ತಾ ಕೊನೆಗೊಂದು ಕೇಕೆ ಹಾಕಿದರು. ಅವರ ಕೈಯಲ್ಲಿದ್ದ ಮೈಕು ಸುತ್ತಲಿನ ಸದ್ದನ್ನು ಸೋಸಿ ಅವರ ದನಿಯನ್ನು ಮಾತ್ರ ಹಿಡಿಯುವಂಥದ್ದಾಗಿತ್ತು. ಸಭಾಂಗಣದಲ್ಲಿದ್ದವರಿಗೆ ಗದ್ದಲದಲ್ಲಿ ಸರಿಯಾಗಿ ಕೇಳಿಸಿಯೂ ಇರದ ಆ ಕೂಗು ಟಿವಿಯಲ್ಲಿ ಒಬ್ಬಂಟಿ ಮನುಷ್ಯನ ಅರಚಾಟದಂತೆ ಕೇಳಿಸಿತು, ಮತ್ತು ಮುಂದಿನ ಕೆಲವೇ ದಿನಗಳಲ್ಲಿ ಅದನ್ನು ನೂರಾರು ಬಾರಿ ಮರುಪ್ರಸಾರ ಮಾಡಲಾಯಿತು. ಡೀನ್ ಅಷ್ಟರಲ್ಲೇ ಹಿಂದೆ ಬಿದ್ದಿದ್ದರು ಎಂಬುದು ನಿಜ. ಆದರೆ ಇರಾಕ್ ಯುದ್ಧವನ್ನು ಮೊದಲಿನಿಂದ ವಿರೋಧಿಸಿದ್ದ ಅವರ ನಿಲುವು ದೇಶದ ಮುಂದಿದ್ದ ಅತಿ ಗಂಭೀರ ಪ್ರಶ್ನೆಗೆ ಸಂಬಂಧಿಸಿದ್ದಾಗಿದ್ದರೂ, ಆ ವಾರ ಜನರ ಮನಸ್ಸಿನಲ್ಲಿ ಉಳಿದದ್ದು ಒಂದು ಕೇಕೆ.

‘ರಾಮ ರಾಜ್ಯ ಆಳಿದರೇನು, ರಾವಣ ರಾಜ್ಯ ಆಳಿದರೇನು, ನಮಗೆ ರಾಗಿ ಬೀಸೋದು ತಪ್ಪದು’ ಎಂಬ ನಮ್ಮ ಗಾದೆಯಲ್ಲಿರುವ ಬೇಸರ ಅಮೆರಿಕದ ಮತದಾರನಿಗೂ ಪರಿಚಿತವೇ. ಆದರೆ ಅವನ ಬೇಸರಕ್ಕೆ ಇನ್ನೊಂದು ಮಗ್ಗುಲಿದೆ: ತನ್ನ ಮತದಿಂದ ಯಾರು ಆಳುತ್ತಾರೆಂಬುದೂ ಬದಲಾಗದು ಎಂದು ಅವನಿಗೆ ಮೊದಲೇ ತಿಳಿದಿರುತ್ತದೆ. ಮಾಧ್ಯಮಗಳ ಮೇಲಿನ ಚರ್ಚೆಯಲ್ಲಿ ಈ ಅಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನ್ನ ಭಾವನೆ.

ಅಮೆರಿಕದ ಅಧ್ಯಕ್ಷರನ್ನು ದೇಶದ ಒಟ್ಟು ಮತಗಳು ನೇರವಾಗಿ ಆರಿಸುವುದಿಲ್ಲ. ರಾಜ್ಯಗಳಿಗೆ ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ.ಗೆ ಹಂಚಿಕೆಯಾಗಿರುವ, ಅಧ್ಯಕ್ಷರನ್ನು ವಿಧಿವತ್ತಾಗಿ ಆರಿಸುವ ಪ್ರತಿನಿಧಿಗಳಾದ 538 ಎಲೆಕ್ಟರ್‌ಗಳಲ್ಲಿ 270 ಮಂದಿಯ ಬೆಂಬಲ ಪಡೆದವರು ಗೆಲ್ಲುತ್ತಾರೆ, ಮತ್ತು ಮೇನ್, ನೆಬ್ರಾಸ್ಕಾ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಒಂದು ಮತದಿಂದ ಮುಂದಿದ್ದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು ದಕ್ಕುತ್ತಾರೆ. 2020ರಲ್ಲಿ ಟ್ರಂಪ್ ಅವರಿಗೆ ಅತಿ ಹೆಚ್ಚು ಮತ ಬಂದ ರಾಜ್ಯ ಟೆಕ್ಸಾಸ್ ಅಲ್ಲ, ಫ್ಲೋರಿಡಾವೂ ಅಲ್ಲ, ಕ್ಯಾಲಿಫೋರ್ನಿಯಾ. ಅಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ಅವರಿಗೆ ಮತ ಹಾಕಿದರು, ಆದರೆ ಆ ರಾಜ್ಯದ 55 ಎಲೆಕ್ಟರ್‌ಗಳೂ ಜೋ ಬೈಡನ್ ಪಾಲಾದರು. 2016ರಲ್ಲಿ ಕ್ಲಿಂಟನ್‌ಗೆ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆಯಿದ್ದರೂ, ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರಕ್ಕಿಂತ ಕಡಿಮೆ ಮತಗಳ ಅಂತರ ಫಲಿತಾಂಶವನ್ನು ನಿರ್ಧರಿಸಿತು. ಹೀಗಿರುವಾಗ ಕುದುರೆ ಓಟದ ವರದಿ ಸಹಜವಾಗಿಯೇ ಯಾವ ಕಡೆಗೂ ವಾಲಬಹುದಾದ ಈ ‘ಸ್ವಿಂಗ್’ ರಾಜ್ಯಗಳ ಸುತ್ತ ಗಿರಕಿ ಹೊಡೆಯುತ್ತದೆ. 2024ರಲ್ಲಿ ಅಂಥ ರಾಜ್ಯಗಳು ಏಳು. ಹೆಚ್ಚಿನ ಮತದಾರರು ವಾಸಿಸುವುದು ಉಳಿದ 43 ರಾಜ್ಯಗಳಲ್ಲಿ. ಪರದೆಯ ಮೇಲೆ ದಿನವೂ ನಡೆಯುವ ಓಟದಲ್ಲಿ ಅವರಿಗೆ ಯಾವ ಪಾತ್ರವೂ ಇರುವುದಿಲ್ಲ. ನೀತಿಗಳ ಬಗ್ಗೆ ಬರೆದ ಸುದ್ದಿ ಆಲಬಾಮದವನಿಗೂ ಮ್ಯಾಸಚೂಸೆಟ್ಸ್‌ನವಳಿಗೂ ಸಮಾನವಾಗಿ ಸಂಬಂಧಿಸಿದ್ದಾಗಿರುತ್ತದೆ, ಓಟದ ಸುದ್ದಿ ಹಾಗಲ್ಲ. ಅದು ಅವರನ್ನು ಪ್ರೇಕ್ಷಕರನ್ನಾಗಿ ಮಾಡುತ್ತದೆ.

ಫಲಿತಾಂಶದ ರಾತ್ರಿ ಈ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ. 1980ರಲ್ಲಿ ಎನ್‌ಬಿಸಿ ಪೂರ್ವ ಕರಾವಳಿಯ ಸಮಯ ರಾತ್ರಿ 8.15ಕ್ಕೇ ರೊನಾಲ್ಡ್ ರೇಗನ್ ಗೆದ್ದರೆಂದು ಘೋಷಿಸಿದಾಗ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾದಲ್ಲಿ ಮತದಾನ ಮುಗಿಯಲು ಇನ್ನೂ ಎರಡೂ ಮುಕ್ಕಾಲು ಗಂಟೆ ಬಾಕಿಯಿತ್ತು. ರೇಗನ್ ಎದುರಾಳಿ ಜಿಮ್ಮಿ ಕಾರ್ಟರ್ ಕೂಡ ಅಲ್ಲಿನ ಮತಗಟ್ಟೆಗಳು ಮುಚ್ಚುವ ಮೊದಲೇ ಸೋಲೊಪ್ಪಿಕೊಂಡರು. ನಮ್ಮಲ್ಲಿ ಕೊನೆಯ ಹಂತದ ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವುದನ್ನು ಕಾನೂನು ತಡೆಯುತ್ತದೆ. ಅಮೆರಿಕದಲ್ಲಿ ಅಂಥ ಕಾನೂನಿಲ್ಲ. ಒಂದು ರಾಜ್ಯದ ಮತದಾನ ಮುಗಿಯುವ ಮೊದಲು ಆ ರಾಜ್ಯದ ಗೆಲುವು ಘೋಷಿಸುವುದಿಲ್ಲವೆಂದು ಟಿವಿ ಜಾಲಗಳು 1985ರಲ್ಲಿ ತಾವಾಗಿಯೇ ಮಾತು ಕೊಟ್ಟವು. 2000ದಲ್ಲಿ ಆ ಮಾತೂ ಫ್ಲೋರಿಡಾದಲ್ಲಿ ತಪ್ಪಿತು. ರಾಜ್ಯದ ಪಶ್ಚಿಮ ತುದಿಯಲ್ಲಿ ಮತದಾನ ಇನ್ನೂ ಕೆಲವು ನಿಮಿಷ ನಡೆಯಬೇಕಿದ್ದಾಗಲೇ ಅಲ್ ಗೋರ್ ಗೆದ್ದರೆಂದು ಹೇಳಿ, ಹಿಂತೆಗೆದುಕೊಂಡು, ನಡುರಾತ್ರಿಯ ನಂತರ ಜಾರ್ಜ್ ಬುಷ್ ಗೆದ್ದರೆಂದು ಹೇಳಿ, ಅದನ್ನೂ ಹಿಂತೆಗೆದುಕೊಂಡರು. ಕೊನೆಗೆ 537 ಮತಗಳ ಅಂತರದ ಆ ಫಲಿತಾಂಶ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು.

ಮಾಧ್ಯಮಗಳು ಓಟವನ್ನೇ ಏಕೆ ಹಿಡಿದುಕೊಂಡಿವೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ವ್ಯಾಪಾರದಲ್ಲಿದೆ. ಸಮೀಕ್ಷೆಯೊಂದು ದಿನಕ್ಕೊಂದು ಹೊಸ ಸಂಖ್ಯೆ ಕೊಡುತ್ತದೆ, ತೆರಿಗೆ ನೀತಿ ದಿನವೂ ಬದಲಾಗುವುದಿಲ್ಲ. 1980ರಲ್ಲಿ ಸಿಎನ್‌ಎನ್, 1996ರಲ್ಲಿ ಫಾಕ್ಸ್ ನ್ಯೂಸ್ ಮತ್ತು ಎಂಎಸ್‌ಎನ್‌ಬಿಸಿ ಶುರುವಾದ ಮೇಲೆ ಇಪ್ಪತ್ನಾಲ್ಕು ಗಂಟೆಯನ್ನೂ ತುಂಬಬೇಕಾಯಿತು. 2016ರ ಆರಂಭದಲ್ಲಿ ಸಿಬಿಎಸ್‌ನ ಅಂದಿನ ಮುಖ್ಯಸ್ಥ ಲೆಸ್ ಮೂನ್ವೆಸ್ ಹೂಡಿಕೆದಾರರ ಸಭೆಯೊಂದರಲ್ಲಿ, ಟ್ರಂಪ್ ಸುತ್ತಲಿನ ಆ ಪ್ರಚಾರ ಅಮೆರಿಕಕ್ಕೆ ಒಳ್ಳೆಯದಲ್ಲದಿರಬಹುದು, ಆದರೆ ಸಿಬಿಎಸ್‌ಗೆ ತುಂಬಾ ಒಳ್ಳೆಯದು ಎಂಬರ್ಥದ ಮಾತನ್ನಾಡಿದರು. ಜನರಿಗೆ ಇದು ಅರ್ಥವಾಗದೆ ಇಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಸುದ್ದಿ ಮಾಧ್ಯಮಗಳನ್ನು ನಂಬುತ್ತೇವೆ ಎಂದವರು 1976ರಲ್ಲಿ ಶೇ 72, 2024ರಲ್ಲಿ ಶೇ 31.

ಹಾಗಾದರೆ ಎಲ್ಲ ಹೊಣೆಯೂ ಮಾಧ್ಯಮದ್ದೇ? ಅಲ್ಲ, ಮತ್ತು ಇದನ್ನು ಸ್ಪಷ್ಟವಾಗಿ ಹೇಳಬೇಕು. ಮಾಧ್ಯಮದ ಮೇಲಿನ ನಂಬಿಕೆ ತೀರಾ ಕುಸಿದಿದ್ದ 2020ರಲ್ಲೇ ಅರ್ಹ ಮತದಾರರಲ್ಲಿ ಸುಮಾರು ಶೇ 66ರಷ್ಟು ಜನ ಮತ ಹಾಕಿದರು. 1900ರ ನಂತರ ಅಷ್ಟು ಪ್ರಮಾಣದ ಮತದಾನ ನಡೆದಿರಲಿಲ್ಲ. ಸಾಂಕ್ರಾಮಿಕದ ಕಾರಣದಿಂದ ಅಂಚೆ ಮತದಾನ ಸುಲಭವಾಗಿತ್ತು, ಪಣಕ್ಕಿಟ್ಟದ್ದು ದೊಡ್ಡದೆಂದು ಎರಡೂ ಕಡೆಯವರಿಗೆ ಅನ್ನಿಸಿತ್ತು. ಬೇಸರಗೊಂಡವರೆಲ್ಲ ಮನೆಯಲ್ಲಿ ಕೂರುವುದಿಲ್ಲ. ಕೋಪದಿಂದಲೂ ಭಯದಿಂದಲೂ ಮತ ಹಾಕುವವರಿದ್ದಾರೆ. ಇದರ ಜೊತೆಗೆ ಮತದಾನದ ದಿನ 1845ರ ಕಾನೂನಿನಂತೆ ಇಂದಿಗೂ ಮಂಗಳವಾರ, ಅದಕ್ಕೆ ರಾಷ್ಟ್ರೀಯ ರಜೆಯಿಲ್ಲ. ಬಹುತೇಕ ಕಡೆ ಹೆಸರು ನೋಂದಾಯಿಸಿಕೊಳ್ಳುವ ಹೊಣೆಯೂ ಮತದಾರನದೇ. ಮಿನ್ನೆಸೋಟಾ 1972ರ ನಂತರ ಒಮ್ಮೆಯೂ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿಯನ್ನು ಗೆಲ್ಲಿಸಿಲ್ಲ, ಆದರೂ ಅಲ್ಲಿ ಮುಕ್ಕಾಲು ಪಾಲು ಜನ ಮತ ಹಾಕುತ್ತಾರೆ. ಮತದಾನದ ದಿನವೇ ಮತಗಟ್ಟೆಯಲ್ಲಿ ನೋಂದಾಯಿಸಿಕೊಳ್ಳುವ ಸೌಲಭ್ಯ ಅಲ್ಲಿ 1970ರ ದಶಕದಿಂದಲೂ ಇದೆ. ಅಂದರೆ ಸುದ್ದಿ ಹುಟ್ಟಿಸಿದ ಬೇಸರ ಮತಗಟ್ಟೆಯ ದಾರಿ ಕಷ್ಟವಿರುವ ಕಡೆ ಹೆಚ್ಚು ಹಾನಿ ಮಾಡುತ್ತದೆ, ದಾರಿ ಸಲೀಸಾಗಿರುವ ಕಡೆ ಅಷ್ಟಾಗಿ ಮಾಡುವುದಿಲ್ಲ ಎಂದು ನಾನು ತಿಳಿಯುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಅಧ್ಯಕ್ಷರ ಹೆಸರು ಮಾತ್ರ ಇದೆ. ಅಲ್ಲಿನ ಟಿವಿಯ ಪರದೆಯಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಆದರೆ ಮತದಾರನ ಕೈಗೆ ಬರುವ ಮತಪತ್ರದಲ್ಲಿ ಆ ಹೆಸರಿನ ಕೆಳಗೆ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಸದಸ್ಯರು, ರಾಜ್ಯ ಶಾಸಕರು, ಅನೇಕ ಕಡೆ ನ್ಯಾಯಾಧೀಶರು, ಶೆರಿಫ್ (ಜಿಲ್ಲೆಯ ಪೊಲೀಸ್ ಮುಖ್ಯಸ್ಥ), ಶಾಲಾ ಮಂಡಳಿಯ ಸದಸ್ಯರು, ಊರಿನ ತೆರಿಗೆಯ ಪ್ರಸ್ತಾವಗಳು ಕೂಡ ಇರುತ್ತವೆ, ಮತ್ತು ಇವುಗಳಲ್ಲಿ ಕೆಲವು ನೂರು ಮತಗಳು ಫಲಿತಾಂಶವನ್ನೇ ಬದಲಿಸಬಲ್ಲವು. ಇವುಗಳ ಬಗ್ಗೆ ಬರೆಯುತ್ತಿದ್ದದ್ದು ಊರಿನ ಪತ್ರಿಕೆ. 2005ರಿಂದ ಈಚೆಗೆ ಅಮೆರಿಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪತ್ರಿಕೆಗಳು ಮುಚ್ಚಿಹೋಗಿವೆ. ಅಧ್ಯಕ್ಷೀಯ ಓಟ ತನ್ನ ರಾಜ್ಯದಲ್ಲಿ ಮೊದಲೇ ತೀರ್ಮಾನವಾಗಿದೆ ಎಂದು ಮನೆಯಲ್ಲೇ ಉಳಿದವನು, ತನ್ನ ಮಗಳ ಶಾಲೆಯನ್ನು ಯಾರು ನಡೆಸಬೇಕೆಂಬ ಮತವನ್ನೂ ಅದೇ ದಿನ ಹಾಕದೆ ಬಿಟ್ಟಿರುತ್ತಾನೆ. ಅಂಥದೊಂದು ಸ್ಪರ್ಧೆ ಇತ್ತೆಂದು ಅವನಿಗೆ ತಿಳಿಸುವವರು ಯಾರೂ ಇರಲಿಲ್ಲ.