ಶುಗರ್ ಬಂತು ಅಂತ ಮನೋವೈದ್ಯರ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಹುಟ್ಟಿಸುವ ಮಾನಸಿಕ ಕಾಯಿಲೆ). ಒಲಾಂಜಪಿನ್ ಶುರು ಮಾಡಿದ ಮೇಲೆ ದಪ್ಪ ಆದ, ಈಗ ಶುಗರ್ ಇದೆ ಅಂತಿದಾರೆ. ಮಾತ್ರೆ ನಿಲ್ಲಿಸಿದ್ರೆ ಶುಗರ್ ಹೋಗುತ್ತಾ ಮೇಡಂ? (ಮದ್ದೂರು ಕಡೆಯ ಓದುಗರು)

ಉತ್ತರ: ನಿಲ್ಲಿಸಬೇಡಿ. ಮಂಡ್ಯ, ಮೈಸೂರು ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ, ನಾನೂ ಇದನ್ನೇ ಬರೆಯುತ್ತಲೇ ಇದ್ದೇನೆ. ಈ ಸಲ ಕಾರಣವನ್ನೂ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಮನೆಮಂದಿಗೆಲ್ಲ ಓದಿ ಹೇಳಿ.

"ಶುಗರ್ ಬಂದಿದ್ದೇ ಮಾತ್ರೆಯಿಂದ" ಅನ್ನುವುದು ಅರ್ಧ ನಿಜ. ಒಲಾಂಜಪಿನ್, ಕ್ಲೋಜಪಿನ್ ಹಸಿವು ಹೆಚ್ಚಿಸುತ್ತವೆ, ತೂಕ ಏರಿಸುತ್ತವೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ಮಾಡುತ್ತವೆ. ಆದರೆ ಹುಚ್ಚು ಕಾಣಿಸಿಕೊಳ್ಳುವ ಮನೆತನಗಳಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚು ಅಂತ ಇಂಗ್ಲೆಂಡಿನ ವೈದ್ಯ ಹೆನ್ರಿ ಮಾಡ್ಸ್ಲಿ ಬರೆದದ್ದು 1879ರಲ್ಲಿ. ಈ ಬಗೆಯ ಮಾತ್ರೆಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜೈನ್ ಚಿಕಿತ್ಸೆಗೆ ಬಂದದ್ದು 1952ರಲ್ಲಿ. ಇಲ್ಲದ ಮಾತ್ರೆ ಆಗ ಯಾರಿಗೆ ಶುಗರ್ ತರಿಸಿತ್ತು? ಇವತ್ತಿಗೂ ಸ್ಕಿಜೋಫ್ರೇನಿಯಾ ಇರುವವರಲ್ಲಿ ಡಯಾಬಿಟಿಸ್ ಉಳಿದವರಿಗಿಂತ ಸುಮಾರು ಎರಡು-ಮೂರು ಪಟ್ಟು ಹೆಚ್ಚು. ವಂಶ, ಬೀಡಿ, ಮನೆಯೊಳಗೇ ಕೂತು ಕಳೆಯುವ ದಿನಗಳು, ಬಡತನ, ಎಲ್ಲದರ ಪಾಲೂ ಇದೆ.

ಮಾತ್ರೆ ಬಿಟ್ಟರೆ ಏನಾಗುತ್ತದೆ? ಕಿವಿಯಲ್ಲಿ ದನಿಗಳು ಮತ್ತೆ ಶುರುವಾಗುತ್ತವೆ. ಊಟದಲ್ಲಿ ವಿಷ ಇದೆ ಅನ್ನುವವನು ಶುಗರ್ ಮಾತ್ರೆ ನುಂಗುತ್ತಾನೆಯೇ? ಎರಡು ಕಾಯಿಲೆಯೂ ಕೈಮೀರುತ್ತವೆ.

ಮಾತ್ರೆ ಕೊಟ್ಟ ವೈದ್ಯರನ್ನೇ ಕೇಳಿ. ಅರಿಪಿಪ್ರಜೋಲ್‌ನಂಥ, ತೂಕ ಅಷ್ಟಾಗಿ ಏರಿಸದ ಮಾತ್ರೆಗೆ ನಿಧಾನವಾಗಿ ಬದಲಾಯಿಸಬಹುದು, ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಸೇರಿಸಬಹುದು. ತೂಕ, ಸೊಂಟದ ಅಳತೆ, ಖಾಲಿ ಹೊಟ್ಟೆಯ ಶುಗರ್ ಅನ್ನು ಮಾತ್ರೆ ಶುರು ಮಾಡುವಾಗ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಬೇಕು. ಶುಗರ್ ಬಂದ ಮೇಲಂತೂ ಇನ್ನೂ ಬೇಗ ಬೇಗ. ಅವರು ಬರೆಯದಿದ್ದರೆ ನೀವೇ ಕೇಳಿ, ಅದು ನಿಮ್ಮ ಹಕ್ಕು. ಅಂದ ಹಾಗೆ, ಮುದ್ದೆ ಒಳ್ಳೆಯದೇ, ಆದರೆ ಹೊತ್ತಿಗೆ ಮೂರು ಮುದ್ದೆ ಉಂಡರೆ ಶುಗರ್ ಏರಿಯೇ ಏರುತ್ತದೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಬೆವರಿ, ನಡುಗಿ, ಅಸಂಬದ್ಧ ಮಾತಾಡಿದರೆ, ಸಿಟ್ಟಿಗೆದ್ದರೆ, "ಹಳೇ ಕಾಯಿಲೆ ಕೆರಳಿತು" ಅಂತ ಕೂಡಿಹಾಕಬೇಡಿ. ಅದು ಶುಗರ್ ಕುಸಿದದ್ದಿರಬಹುದು. ಮೊದಲು ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಮ್ಮಿ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಮೀಟರ್ ಇಲ್ಲದಿದ್ದರೂ ಸಕ್ಕರೆ ಕೊಡಲು ತಡಮಾಡಬೇಡಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.