ದೀಪ ಬೆಳಗಿದರೂ ಸಿಗದ ಸಂಪರ್ಕ

ಕಾರವಾರದ ಮನೆಯಲ್ಲಿ ಎಂದೂ ತೊಂದರೆ ಕೊಡದ ನನ್ನ ಲ್ಯಾಪ್‌ಟಾಪ್, ದೇವಿಮನೆ ಘಾಟಿ ಹತ್ತಿ ಶಿರಸಿಯ ಅಡಿಕೆ ವ್ಯವಹಾರದ ಕಚೇರಿಯೊಂದನ್ನು ತಲುಪಿದ ದಿನ ಮೂಕವಾಯಿತು. ಅಲ್ಲಿನ ಕೇಬಲ್ ಸಿಕ್ಕಿಸಿದೊಡನೆ ಹಸಿರು ದೀಪವೇನೋ ಬೆಳಗಿತು. ಆದರೆ ಇಂಟರ್‌ನೆಟ್ ಬರಲಿಲ್ಲ, ಪಕ್ಕದ ಮೇಜಿನ ಪ್ರಿಂಟರ್ ಕೂಡ ಸಿಗಲಿಲ್ಲ. ತಂತಿಯ ಎರಡು ತುದಿಗಳ ಯಂತ್ರಗಳು ಪರಸ್ಪರರ ವಿದ್ಯುತ್ ಸಂಕೇತಗಳನ್ನು ಗುರುತಿಸಿವೆ ಎಂಬುದಷ್ಟನ್ನೇ ಆ ದೀಪ ತಿಳಿಸುತ್ತದೆ.

ತೊಡಕು ಇದ್ದದ್ದು ವಿಳಾಸದಲ್ಲಿ. ಕಾರವಾರದ ಪಿನ್ ಕೋಡ್ 581301, ಶಿರಸಿಯದು 581401. ಮೊದಲ ಮೂರು ಅಂಕಿಗಳು ಅಂಚೆ ವಿಂಗಡಣೆಯ ಪ್ರದೇಶವನ್ನೂ ಉಳಿದವು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಜಾಲದಲ್ಲಿ ಯಂತ್ರವನ್ನು ಗುರುತಿಸುವ ಐಪಿ ವಿಳಾಸವೂ ಹೀಗೆಯೇ ಎರಡು ಭಾಗವಾಗುತ್ತದೆ, ಆ ಗಡಿ ಎಲ್ಲಿದೆಯೆಂದು ಹೇಳುವುದು ಸಬ್‌ನೆಟ್ ಮಾಸ್ಕ್. ಮಾಸ್ಕ್ 255.255.255.0 ಆಗಿದ್ದರೆ ಮೊದಲ ಮೂರು ಸಂಖ್ಯೆಗಳು ಜಾಲಕ್ಕೆ, ಕೊನೆಯದು ಯಂತ್ರಕ್ಕೆ ಸೇರುತ್ತವೆ. ಮನೆಯಲ್ಲಿ ನಾನೇ ಹಿಂದೊಮ್ಮೆ ಕೈಯಾರೆ ತುಂಬಿದ್ದ ವಿಳಾಸ 192.168.0.25, ಕಚೇರಿಯ ಯಂತ್ರಗಳೆಲ್ಲ 192.168.1 ಎಂಬ ಜಾಲದಲ್ಲಿದ್ದವು. ಹೀಗಾಗಿ ಕೈಗೆಟಕುವಷ್ಟು ಹತ್ತಿರದಲ್ಲಿದ್ದ ಪ್ರಿಂಟರನ್ನು ಲ್ಯಾಪ್‌ಟಾಪ್ ಪರಸ್ಥಳದ್ದೆಂದು ಬಗೆದು, ಅಲ್ಲಿಗೆ ದಾರಿ ತೋರಿಸೆಂದು ಮನೆಯ ಗೇಟ್‌ವೇ, ಅಂದರೆ ಬೇರೆ ಜಾಲಗಳಿಗೆ ಹೋಗುವ ಬಾಗಿಲು, ಆಗಿದ್ದ 192.168.0.1 ಅನ್ನು ಮತ್ತೆ ಮತ್ತೆ ಕೂಗಿ ಕರೆಯುತ್ತಿತ್ತು. ಆ ಹೆಸರಿಗೆ ಓಗೊಡುವವರು ಕಚೇರಿಯಲ್ಲಿ ಯಾರೂ ಇರಲಿಲ್ಲ.

ಇಂಥ ಸಂದರ್ಭದಲ್ಲಿ ತೋಚಿದ ಸಂಖ್ಯೆಯೊಂದನ್ನು ತುಂಬಿ ನೋಡುವವರಿದ್ದಾರೆ. ಅದು ಬೇರೊಬ್ಬರ ಯಂತ್ರದ ಸಂಖ್ಯೆಯಾಗಿದ್ದರೆ ಇಬ್ಬರ ಕೆಲಸವೂ ಕೆಡುತ್ತದೆ. ದಯವಿಟ್ಟು ಹಾಗೆ ಮಾಡಬಾರದು. ನಾನು ಕೈಯಾರೆ ತುಂಬಿದ್ದ ವಿಳಾಸವನ್ನು ಅಳಿಸಿ, ತಾನಾಗಿ ವಿಳಾಸ ಪಡೆಯುವ ಡಿಎಚ್‌ಸಿಪಿ ವ್ಯವಸ್ಥೆಯನ್ನು ಆರಿಸಿದೆ. ಇದರಲ್ಲಿ ವಿಳಾಸವಿಲ್ಲದ ಯಂತ್ರವು ಜಾಲದಲ್ಲಿರುವ ಎಲ್ಲರನ್ನೂ ಉದ್ದೇಶಿಸಿ ಬೇಡಿಕೆ ಇಡುತ್ತದೆ; ಸರ್ವರ್ ಒಂದು ವಿಳಾಸವನ್ನು ನೀಡಮುಂದಾಗುತ್ತದೆ; ಯಂತ್ರ ಅದನ್ನೇ ಕೇಳಿಕೊಳ್ಳುತ್ತದೆ; ಸರ್ವರ್ ಖಚಿತಪಡಿಸಿ, ನಿಗದಿತ ಅವಧಿಗೆ ಗೇಣಿ ಕೊಟ್ಟಂತೆ ಬಿಟ್ಟುಕೊಡುತ್ತದೆ. ಉತ್ತರವೇ ಬಾರದಿದ್ದರೆ ವಿಂಡೋಸ್ 169.254 ಎಂದು ಆರಂಭವಾಗುವ ವಿಳಾಸವನ್ನು ತನಗೆ ತಾನೇ ಇಟ್ಟುಕೊಳ್ಳುತ್ತದೆ. ನನ್ನ ಪರದೆಯಲ್ಲಿ ಕಂಡದ್ದು ಅದೇ. 169, 254 ಎಂಬ ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಂಡವರಿಗೆ ರೋಗನಿದಾನ ಅರ್ಧ ಮುಗಿದಂತೆ.

ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿದಾಗ ಕಾರಣ ತಿಳಿಯಿತು: ನೋಂದಾಯಿಸಿದ ಯಂತ್ರಗಳಿಗೆ ಮಾತ್ರ ಅಲ್ಲಿನ ಸರ್ವರ್ ವಿಳಾಸ ಕೊಡುತ್ತಿತ್ತು. ಪ್ರತಿಯೊಂದು ನೆಟ್‌ವರ್ಕ್ ಕಾರ್ಡಿಗೂ ಇರುವ 48 ಬಿಟ್‌ಗಳ ಮ್ಯಾಕ್ ವಿಳಾಸವನ್ನು ಓದಿ ಹೇಳಿದೆ. ಅವರು ಪಟ್ಟಿಗೆ ಸೇರಿಸಿದರು. ಇಂಟರ್‌ನೆಟ್ ಬಂತು, ಪ್ರಿಂಟರೂ ಸಿಕ್ಕಿತು.

ಆದರೂ ಲೆಕ್ಕಪತ್ರಗಳಿದ್ದ ಹಂಚಿಕೆಯ ಫೋಲ್ಡರ್ ತೆರೆಯಲಿಲ್ಲ. ಅದನ್ನು ಇಟ್ಟುಕೊಂಡಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ, ಕಡತ ಹಂಚಿಕೊಳ್ಳಲು ಬರುವುದು ಎಸ್‌ಎಂಬಿ ಭಾಷೆಯ ಮೊದಲ ಆವೃತ್ತಿಯೊಂದೇ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ, ವಿಂಡೋಸಿನಲ್ಲಿ ಈ ಆವೃತ್ತಿಯನ್ನು ಅಳವಡಿಸಿದ್ದ ರೀತಿಯ ದೋಷವನ್ನೇ ಬಳಸಿ ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿತ್ತು. ಅದೇ ವರ್ಷದ ಕೊನೆಯ ಭಾಗದಿಂದ ಹೊಸದಾಗಿ ಸ್ಥಾಪಿಸುವ ವಿಂಡೋಸ್ 10ರಲ್ಲಿ ಎಸ್‌ಎಂಬಿಯ ಈ ಮೊದಲ ಆವೃತ್ತಿ ಸಾಮಾನ್ಯವಾಗಿ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮರಳಿ ಸೇರಿಸುವುದು ಎರಡು ನಿಮಿಷದ ಕೆಲಸವೆಂದು ಒಬ್ಬರು ತೋರಿಸಲು ಬಂದರು. ನಾನು ಒಪ್ಪಲಿಲ್ಲ. ಬೇಕಾದ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ವೈರಸ್ ತಪಾಸಣೆ ಮಾಡಿ, ಸಂಜೆಯ ಬಸ್ಸಿಗೆ ಮುಂಚೆ ಕೆಲಸ ಮುಗಿಸಿದೆ.