ಕಲೆ: ಸೂರ್ಯನದು ಬೇರೆ, ಶುಕ್ರನದು ಬೇರೆ

ಹುಬ್ಬಳ್ಳಿಯ ಗೆಳೆಯರೊಬ್ಬರು ಮೊನ್ನೆ ಮಾಳಿಗೆ ಮೇಲಿಂದ ತೆಗೆದ ಶುಕ್ರನ ಫೋಟೊ ಕಳಿಸಿದ್ದರು. ಐದು ಇಂಚಿನ ಟೆಲಿಸ್ಕೋಪು, ಬಹಳ ಚೆಂದದ ಚಿತ್ರ. ಶುಕ್ರ ಕುಡುಗೋಲಿನಂತೆ ತೆಳ್ಳಗೆ ಹೊಳೆಯುತ್ತಿತ್ತು. ಕೆಳಗೆ ‘ಶುಕ್ರನ ಮೇಲಿನ ಕಲೆ’ ಎಂದು ಬರೆದಿದ್ದರು. ಕೂಡಲೇ ಒಬ್ಬರು ಕೇಳಿದರು: “ಕಲೆ ಎಲ್ಲೈತ್ರಿ ಸರ? ಎಲ್ಲಾ ಸ್ವಚ್ಛ ಐತಲ್ಲ?” ಕೇಳಿದವರದು ತಪ್ಪಿಲ್ಲ. ತಪ್ಪು ಇರುವುದು ಆ ‘ಮೇಲಿನ’ ಎಂಬ ಮಾತಿನಲ್ಲಿ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಬಿಡಿಸಿ ಬರೆದುಬಿಡುತ್ತೇನೆ.

ಕನ್ನಡದಲ್ಲಿ ‘ಕಲೆ’ ಎಂದು ಕೇಳಿಸುವ ಪದಗಳು ಎರಡಿವೆ. ಉಚ್ಚಾರ ಒಂದೇ, ಬೇರು ಬೇರೆ ಬೇರೆ.

ಒಂದು ನಮ್ಮದೇ ಮಾತು. ಅಂಗಿಗೆ ಹತ್ತಿದ ಬಾಳೆಯ ಕಲೆ, ಗಾಯ ಮಾಯ್ದ ಮೇಲೆ ಉಳಿಯುವ ಕಲೆ. ಮಲಯಾಳದಲ್ಲೂ ಇದಕ್ಕೆ ‘ಕಲ’ ಎನ್ನುತ್ತಾರೆ. ಇನ್ನೊಂದು ಸಂಸ್ಕೃತದ ‘ಕಲಾ’. ಅದು ಚಿಕ್ಕದೊಂದು ಪಾಲು, ಅದರಲ್ಲೂ ಚಂದ್ರಬಿಂಬದ ಹದಿನಾರರಲ್ಲಿ ಒಂದು ಪಾಲು. ಈ ಪಾಲುಗಳು ಏರುತ್ತಾ ಹೋದರೆ ಹುಣ್ಣಿಮೆ, ಇಳಿಯುತ್ತಾ ಬಂದರೆ ಅಮಾವಾಸ್ಯೆ. ಷೋಡಶ ಕಲೆ ಅನ್ನುವುದು ಇದನ್ನೇ. ಸಂಗೀತ, ಚಿತ್ರ ಎಲ್ಲ ಸೇರಿದ 64 ಕಲೆಗಳೂ ಈ ಮನೆತನದವೇ.

ಎರಡನ್ನೂ ಬೇರೆ ಮಾಡುವುದು ಸುಲಭ. ಸಂಸ್ಕೃತದ್ದು ಸಮಾಸದಲ್ಲಿ ಮುಂದೆ ಬಂದರೆ ‘ಕಲಾ’ ಆಗುತ್ತದೆ: ಕಲಾವಿದ, ಕಲಾಮಂದಿರ. ನಮ್ಮ ಕಲೆ ಹಾಗೆ ಆಗುವುದೇ ಇಲ್ಲ. ಕ್ರಿಯಾಪದ ನೋಡಿದರೂ ಸಾಕು. ನಮ್ಮ ಕಲೆ ಬೀಳುತ್ತದೆ, ಹತ್ತುತ್ತದೆ, ತೊಳೆದರೆ ಹೋಗುತ್ತದೆ. ಅದು ಯಾವುದಾದರೊಂದರ ಮೇಲೆ ಇರಲೇಬೇಕು. ಚಂದ್ರನ ಕಲೆ ಏರುತ್ತದೆ, ಇಳಿಯುತ್ತದೆ. ಅದು ಯಾವುದರ ಮೇಲೂ ಕೂತಿರುವುದಿಲ್ಲ, ಬೆಳಗಿದ ಪಾಲೇ ಕಲೆ.

ಎಡವಟ್ಟಾಗಿದ್ದು ಸೂರ್ಯನ ಮೇಲೆ ಕಾಣುವ ಕಪ್ಪು ಗುರುತಿಗೆ ಇಟ್ಟ ‘ಸೌರಕಲೆ’ ಎಂಬ ಪದದಿಂದ. ಅದರಲ್ಲಿ ಸಂಸ್ಕೃತದ ‘ಸೌರ’ಕ್ಕೆ ನಮ್ಮ ‘ಕಲೆ’ ಅಂಟಿಕೊಂಡಿದೆ. ನೋಡಲು ಥೇಟ್ ‘ಚಂದ್ರಕಲೆ’ಯ ಹಾಗೇ ಇದೆ, ಅರ್ಥಕ್ಕೆ ಸಂಬಂಧವೇ ಇಲ್ಲ. ಅದರ ಬದಲು ಸೌರಚುಕ್ಕಿ ಅನ್ನೋಣ ಎಂದು ಒಬ್ಬರು ಹೇಳಿದ್ದರು. ನಮ್ಮ ಧಾರವಾಡ, ಗದಗ ಕಡೆ ಚುಕ್ಕಿ ಎಂದರೆ ಆಕಾಶದ ನಕ್ಷತ್ರ, ಬೆಳ್ಳಿಚುಕ್ಕಿ ಎಂದರೆ ಶುಕ್ರನೇ. ಅದು ಇನ್ನೂ ಗೊಂದಲ, ಅಲ್ವಾ? ನಾನು ‘ಸೂರ್ಯನ ಮೇಲಿನ ಕಲೆ’ ಎಂದೇ ಬರೆಯುತ್ತೇನೆ. ಒಂದು ಪದ ಜಾಸ್ತಿ ಆದರೂ ಪರವಾಗಿಲ್ಲ.

ಸೂರ್ಯನ ಮೇಲಿನ ಕಲೆ ಸುಟ್ಟ ಗುರುತಲ್ಲ. ಅಲ್ಲಿ ಬಲವಾದ ಕಾಂತಕ್ಷೇತ್ರ ಒಳಗಿನ ಬಿಸಿ ಮೇಲೆ ಬರದಂತೆ ತಡೆಯುತ್ತದೆ. ಸುತ್ತಲಿನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ, ಕಲೆಯ ನಡುಭಾಗ ಅದಕ್ಕಿಂತ ಸಾವಿರ-ಎರಡು ಸಾವಿರ ಡಿಗ್ರಿ ತಂಪು. ಅದಕ್ಕೇ ಕಪ್ಪಾಗಿ ಕಾಣುತ್ತದೆ. ಕೊಡೈಕೆನಾಲ್‌ನ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಮೀರಿ ಇವುಗಳ ಚಿತ್ರ ತೆಗೆದಿಟ್ಟಿದ್ದಾರೆ.

ಆದರೆ ಫೋಟೊದಲ್ಲಿ ಕಪ್ಪಗೆ ಕಂಡದ್ದೆಲ್ಲ ಸೂರ್ಯನ ಮೇಲಿನ ಕಲೆ ಎನ್ನಬೇಡಿ. ಹುಬ್ಬಳ್ಳಿಯ ದೂಳು ಗೊತ್ತೇ ಇದೆ. ಕ್ಯಾಮೆರಾದ ಸೆನ್ಸರ್ ಮೇಲೆ ಒಂದು ಕಣ ಕೂತರೂ ಸೂರ್ಯನ ಮೇಲೆ ಬೂದು ಉಂಗುರವೋ ಮಬ್ಬು ಚುಕ್ಕೆಯೋ ಮೂಡುತ್ತದೆ. ಪರೀಕ್ಷೆ ಸರಳ. ಟೆಲಿಸ್ಕೋಪನ್ನು ಸ್ವಲ್ಪ ಜರುಗಿಸಿ. ಸೂರ್ಯನ ಜೊತೆ ಸರಿದರೆ ಅದು ನಿಜವಾದ ಕಲೆ. ಸೂರ್ಯ ಸರಿದರೂ ಅದು ನಿಂತಲ್ಲೇ ನಿಂತರೆ ದೂಳು. ದೊಡ್ಡ ಕಲೆಯಾದರೆ ನಡುವೆ ಕಡುಕಪ್ಪು, ಸುತ್ತ ಎಳೆ ಎಳೆಯಾದ ಬೂದು ಅಂಚು ಇರುತ್ತದೆ. 2012ರ ಜೂನ್ 6ರ ಬೆಳಿಗ್ಗೆ ಸೂರ್ಯನ ಮೇಲೆ ಕಂಡ ಕಪ್ಪು ಬೊಟ್ಟಿಗೆ ಆ ಅಂಚು ಇರಲಿಲ್ಲ. ಅದು ಅಡ್ಡ ಹಾಯುತ್ತಿದ್ದ ಶುಕ್ರ. ಕೆಲವೇ ತಾಸುಗಳಲ್ಲಿ ದಾಟಿಹೋಯಿತು. ಕಲೆಗಾದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು ಎರಡು ವಾರ ಬೇಕು. ಈ ಪರೀಕ್ಷೆಯನ್ನೆಲ್ಲ ಮಾಡುವ ಮೊದಲು ಸೋಲಾರ್ ಫಿಲ್ಟರ್ ಕೊಳವೆಯ ಮುಂದಿನ ಬಾಯಿಗೆ ಗಟ್ಟಿಯಾಗಿ ಕೂತಿರಬೇಕು. ಕಣ್ಣಿಡುವ ತುದಿಗೆ ಹಾಕುವ ಚಿಕ್ಕ ಫಿಲ್ಟರ್ ಬಿಸಿಗೆ ಸಿಡಿಯುತ್ತದೆ, ಕಣ್ಣೇ ಹೋಗುತ್ತದೆ. ಅದನ್ನು ಮುಟ್ಟಲೇಬೇಡಿ.

ಇನ್ನು ಶುಕ್ರನ ಕಲೆ. ಶುಕ್ರ ನಮಗಿಂತ ಒಳಗಿನ ದಾರಿಯಲ್ಲಿ ಸೂರ್ಯನನ್ನು ಸುತ್ತುವುದರಿಂದ ಚಂದ್ರನ ಹಾಗೆ ಪೂರ್ತಿ, ಅರ್ಧ, ಗೆರೆ ಎಲ್ಲವೂ ಆಗುತ್ತದೆ. ಗೆಲಿಲಿಯೊ ಇದನ್ನು 1610ರಲ್ಲಿ ಕಂಡ. ಸಂಜೆಯ ಶುಕ್ರನ ಕಲೆ ವಾರದಿಂದ ವಾರಕ್ಕೆ ಇಳಿಯುತ್ತದೆ, ಬೆಳಗಿನ ಬೆಳ್ಳಿಯದು ಏರುತ್ತದೆ. ಕಲೆ ಇಳಿದಷ್ಟೂ ಶುಕ್ರ ಹತ್ತಿರ ಬಂದು ದೊಡ್ಡದಾಗುತ್ತದೆ, ಫೋಟೊ ತೆಗೆಯುವವರಿಗೆ ಅದೇ ಸುಗ್ಗಿ. ಗುರು, ಶನಿಗಳಿಗೆ ಇಂಥ ಕಲೆ ಇಲ್ಲ, ಅವು ಹೊರಗಿನ ದಾರಿಯವು. ನಿಮ್ಮ ಚಿತ್ರದಲ್ಲಿ ಗುರು ಅರ್ಧ ಕಂಡರೆ ಫೋಕಸ್ಸನ್ನೋ ಮೋಡವನ್ನೋ ಅನುಮಾನಿಸಿ.

ಚಂದ್ರನಿಗೆ ಮಾತ್ರ ಎರಡೂ ಇವೆ. ಏರಿಳಿಯುವ ಕಲೆಯೂ ಅವನದೇ, ಮೊಲದ ಹಾಗೆ ಕಾಣುವ ಕಲೆಯೂ ಅವನದೇ.

ಪಂಚಾಂಗ ನೋಡುವವರಿಗೆ ಗೊತ್ತಿರುವ ಇನ್ನೊಂದು ಕಲೆ ಇದೆ. ಸಂಸ್ಕೃತದ ‘ಚಿಕ್ಕ ಪಾಲು’ ಅಲ್ಲಿ ಅಳತೆಯಾಗಿದೆ. ಒಂದು ಅಂಶದ, ಅಂದರೆ ಕೋನ ಅಳೆಯುವ ಡಿಗ್ರಿಯ, ಅರವತ್ತನೇ ಪಾಲು ಕಲೆ, ಅದರ ಅರವತ್ತನೇ ಪಾಲು ವಿಕಲೆ. ಸೂರ್ಯನ ಅಗಲ ಸುಮಾರು 32 ಕಲೆ. ಗುರು ಚೆನ್ನಾಗಿ ಕಾಣುವಾಗ 45 ವಿಕಲೆಯ ಆಸುಪಾಸು. ತೀರ ತೆಳ್ಳಗಾದಾಗ ಶುಕ್ರ ಹತ್ತಿರಹತ್ತಿರ ಒಂದು ಕಲೆ ಅಗಲ. ಗೆಳೆಯರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಈಗ ಅವರ ಚಿತ್ರದ ಕೆಳಗೆ ‘ಸಂಜೆಯ ಶುಕ್ರ, ಇಳಿಯುವ ಕಲೆ’ ಎಂದಿದೆ.